ಫ್ರಿಜ್ಜಿನೊಳಗಿನ ಅಮ್ಮ

ಅನಸೂಯ ಬೆಳಿಗ್ಗೆ ಎದ್ದವರೇ ಆ ಫ್ರೆಂಚ್ ವಾರಪತ್ರಿಕೆಯನ್ನು ಅಕ್ಕಿ ಡಬ್ಬದ ಹಿಂದೆ ತುರುಕಿದರು. ಮದುವೆ, ದೇವರು, ಸಾವು ಎಂದು ಜನ ಬಾಯಿಬಿಡಲು ಹೆದರುವುದನ್ನೆಲ್ಲ ಗೇಲಿ ಮಾಡುವ ಪತ್ರಿಕೆ ಅದು. ಈ ವಾರದ ಮುಖಪುಟದ ವ್ಯಂಗ್ಯಚಿತ್ರ ಬಿಡಿಸಿದ್ದು ಮಗಳು ಸಾನ್ವಿಯೇ. ಮದುವೆಮನೆಯಲ್ಲಿ ಮುತ್ತೈದೆಯೊಬ್ಬಳು ನಾಯಿಯನ್ನೂ ಬಿಡದೆ ಎಲ್ಲರ ಹಣೆಗೂ ಕುಂಕುಮ ಹಚ್ಚುತ್ತಿದ್ದಾಳೆ. ಮದುಮಗಳ ವಿಧವೆ ತಾಯಿ ಮಾತ್ರ ಫ್ರಿಜ್ಜಿನೊಳಗೆ, ಮೊಸರಿನ ಡಬ್ಬಗಳ ನಡುವೆ ಮುದುಡಿ ಕೂತಿದ್ದಾಳೆ. ಆ ಮೂಗು, ಆ ಕನ್ನಡಕ, ಆ ಬರಿ ಹಣೆ ಎಲ್ಲ ಅನಸೂಯರದೇ. ಎಂಥ ತಲೆಹರಟೆ ಹುಡುಗಿ!

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೇನೋ. ಇವತ್ತು ಸಾನ್ವಿ ಮೆಚ್ಚಿದ ಹುಡುಗ ತೇಜಸ್ವಿ ಜರ್ಮನಿಯ ಆ ತುದಿಯ ಇಂಗೋಲ್‌ಸ್ಟಾಟ್‌ನಿಂದ ತನ್ನ ತಾಯಿಯನ್ನು ಕರೆದುಕೊಂಡು ಬಾನ್ ನಗರದ ಇವರ ಮನೆಗೆ ಬರುವವನಿದ್ದ. ತಾಯಿ ವೆಂಕಟಲಕ್ಷ್ಮಮ್ಮ ಮೈಸೂರಿನವರು. ಗಂಡನ ಹೃದಯಕ್ಕೆ ಆಗಷ್ಟೇ ಸ್ಟೆಂಟ್ ಹಾಕಿಸಿ, ಜೀವ ಕೈಯಲ್ಲಿ ಹಿಡಿದುಕೊಂಡೇ ವಿಮಾನ ಹತ್ತಿದವರು. ಅವರು ಹೂಂ ಅಂದರಷ್ಟೇ ಮದುವೆ.

ಅದಕ್ಕೇ ಅನಸೂಯ ಮೇಲಿನ ಮನೆಯ ಜಲಜಮ್ಮನನ್ನು ಕರೆಸಿದ್ದರು. ಬಂದವರು ಹೊರಡುವಾಗ ಅರಿಶಿನ ಕುಂಕುಮ ಕೊಡಲು ಮುತ್ತೈದೆ ಬೇಡವೇ? ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಯಾರಾದರೂ ಹೇಳುವ ಮೊದಲೇ ತಾವಾಗಿ ಪಕ್ಕಕ್ಕೆ ಸರಿಯುವುದು ಗಂಡ ಹೋದಾಗಿನಿಂದ ಅವರಿಗೆ ರೂಢಿಯಾಗಿಬಿಟ್ಟಿತ್ತು. ಸಾನ್ವಿಗೆ ಮೈ ಉರಿಯುತ್ತಿದ್ದುದೇ ಅದಕ್ಕೆ.

ಮಾತುಕತೆ ಚೆನ್ನಾಗಿಯೇ ನಡೆಯಿತು. ಉಪ್ಪಿಟ್ಟು ಮುಗಿದು ಕಾಫಿ ಬಂತು. ಅಷ್ಟರಲ್ಲಿ ತೇಜಸ್ವಿ, ಪುಣ್ಯಾತ್ಮ, ಬ್ಯಾಗಿನಿಂದ ಅದೇ ಪತ್ರಿಕೆ ತೆಗೆದು, ನಿನ್ನ ಸೊಸೆ ಎಷ್ಟು ಫೇಮಸ್ ನೋಡು ಎಂದು ಹೆಮ್ಮೆಯಿಂದ ತಾಯಿಯ ಕೈಗಿಟ್ಟ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅನಸೂಯ ಅಕ್ಕಿ ಡಬ್ಬದ ಕಡೆ ತಿರುಗಿ ನೋಡಿದರು.

ವೆಂಕಟಲಕ್ಷ್ಮಮ್ಮನಿಗೆ ಫ್ರೆಂಚ್ ಬರುತ್ತಿರಲಿಲ್ಲ. ಕುಂಕುಮದ ಬಟ್ಟಲು ಗುರುತಿಸಲು ಫ್ರೆಂಚ್ ಯಾಕೆ ಬೇಕು? ಅವರು ನೋಡಿದರು, ಮತ್ತೆ ನೋಡಿದರು. ಕಾಫಿ ಆರಿತು.

“ಯಾರಮ್ಮ ಇದು, ಫ್ರಿಜ್ಜಲ್ಲಿ ಕೂತಿರೋದು?”

ಸಾನ್ವಿ ತೇಜಸ್ವಿಯ ಮುಖ ನೋಡಿದಳು. “ಯಾರೂ ಅಲ್ಲ ಆಂಟಿ. ಜಸ್ಟ್ ಇಮ್ಯಾಜಿನೇಶನ್” ಎಂದಳು.

ಕಾಗದದ ಮೇಲೆ ಲೋಕವನ್ನೇ ಎದುರು ಹಾಕಿಕೊಳ್ಳುವ ಮಗಳು ಹೀಗೆ ತಲೆ ತಗ್ಗಿಸಿದ್ದು ಅನಸೂಯರಿಗೆ ತಡೆಯಲಾಗಲಿಲ್ಲ. ಪಕ್ಕಕ್ಕೆ ಸರಿಯುವುದನ್ನು ಅವಳಿಗೂ ತಾನೇ ಕಲಿಸಿದೆನಲ್ಲ ಎನಿಸಿತು.

“ಅದು ನಾನೇ” ಎಂದರು.

ವೆಂಕಟಲಕ್ಷ್ಮಮ್ಮ ಪತ್ರಿಕೆ ಮಡಚಿಟ್ಟು ಎದ್ದು, ಹೊರಡೋಣ ಎಂದರು. ಜಲಜಮ್ಮ ಗಡಬಡಿಸಿ ಕುಂಕುಮದ ತಟ್ಟೆ ತಂದರು. ಅನಸೂಯ ಅದನ್ನು ಅವರ ಕೈಯಿಂದ ತೆಗೆದುಕೊಂಡರು.

“ಜಲಜಮ್ಮನೋರೇ ಕೊಡ್ಲಿ ಬಿಡಿ. ಮಕ್ಕಳ ಮದುವೆ ವಿಷ್ಯ” ಎಂದರು ವೆಂಕಟಲಕ್ಷ್ಮಮ್ಮ.

“ನನ್ನ ಮಗಳ ಮದುವೆ ವಿಷ್ಯ ಅಂತಲೇ ನಾನು ಕೊಡ್ತಿರೋದು.”

ತಟ್ಟೆ ಅವರ ಮುಂದೆ ಚಾಚಿಕೊಂಡೇ ಇತ್ತು. ಅನಸೂಯರ ಕೈ ಸೋಲತೊಡಗಿತು, ಆದರೂ ಇಳಿಸಲಿಲ್ಲ. ಕೊನೆಗೆ ವೆಂಕಟಲಕ್ಷ್ಮಮ್ಮನ ಉಂಗುರದ ಬೆರಳು ಬಟ್ಟಲಿಗಿಳಿಯಿತು. ಹಣೆಗಿಟ್ಟುಕೊಂಡರು. ಆಮೇಲೆ ಆ ಬೆರಳು ರೂಢಿಯಂತೆ ತಾಳಿಯತ್ತ ಹೋಗಿ, ಅರ್ಧದಲ್ಲೇ ನಿಂತು, ಸೆರಗಿಗೆ ಒರೆಸಿಕೊಂಡಿತು. “ಮುಂದಿನ ಸಲ ನೀವು ಇಂಗೋಲ್‌ಸ್ಟಾಟ್‌ಗೆ ಬರ್ಬೇಕು” ಎಂದರು, ಯಾರ ಮುಖವನ್ನೂ ನೋಡದೆ.

ಬಾಗಿಲು ಮುಚ್ಚಿದ ಮೇಲೆ ಸಾನ್ವಿ ಅಮ್ಮನನ್ನು ಅಪ್ಪಿಕೊಂಡಳು. ಅವಳೂ ಆ ಬೆರಳನ್ನು ನೋಡಿದ್ದಳು.

“ಅದನ್ನ ಮಾತ್ರ ಪತ್ರಿಕೆಗೆ ಬಿಡಿಸಬೇಡ ಕಣೇ” ಎಂದರು ಅನಸೂಯ. “ಪಾಪ, ಅವರ ಯಜಮಾನ್ರು ಇನ್ನೂ ಹುಷಾರಾಗಿಲ್ಲ.”