ಏಳು ಮನೆಯ ಗುಂಡ

ಪೌಷ್ಟಿಕ ಆಹಾರದ ಪಾಠ ಹೇಳುವುದರಲ್ಲಿ ಆ ಊರಿನ ಅಂಗನವಾಡಿ ಟೀಚರಮ್ಮನನ್ನು ಮೀರಿಸುವವರು ಮೂರು ಲೋಕದಲ್ಲೂ ಇರಲಿಲ್ಲ. ಅವಳು ಸೊಪ್ಪಿನ ಗುಣ ಬಣ್ಣಿಸಿದರೆ ಸಾಕು, ಅಮ್ಮಂದಿರ ಮಡಿಲಲ್ಲಿದ್ದ ಕೂಸುಗಳು ಕೂತಲ್ಲೇ ಅರ್ಧ ಕಿಲೋ ಏರುತ್ತಿದ್ದವು. ಅಂಗಿಯ ಗುಂಡಿಗಳು ಪಟಪಟನೆ ಹಾರಿ ಕಿಟಕಿಯ ಗಾಜು ಒಡೆಯುತ್ತಿದ್ದವು.

ಕೂಲಿನಾಲಿಯ ತಾಯಂದಿರು ಚಾಪೆಯ ಮೇಲೆ ಕೂತರೆ, ಟೀಚರಮ್ಮ ತಟ್ಟೆಗೆ ಸೀಮೆಸುಣ್ಣದ ಗೆರೆ ಎಳೆದು, ಇಲ್ಲಿ ಬೇಳೆ, ಇಲ್ಲಿ ಸೊಪ್ಪು, ಇಲ್ಲಿ ಅರ್ಧ ಮೊಟ್ಟೆ ಎಂದು ತೋರಿಸುವಳು. ತಿಂಗಳಿಗೊಮ್ಮೆ ತೂಕ. ಕೂಸು ಸೊರಗಿದ್ದರೆ ಆ ಮನೆಯವರ ಹೆಸರು ಬಾಗಿಲ ಪಕ್ಕದ ಹಲಗೆಯಲ್ಲಿ, ಕೆಂಪಕ್ಷರದಲ್ಲಿ. ಅದು ಅವಳದೇ ಉಪಾಯ.

"ನಾಚಿಕೆ ಆದ್ರೆ ತಾನೇ ಬುದ್ಧಿ ಬರೋದು!"

ಮೇಲಿನವರು ತಪಾಸಣೆಗೆ ಬಂದ ತಿಂಗಳು ಹಲಗೆ ಖಾಲಿ! ಸೊರಗಿದ್ದ ಏಳೂ ಕೂಸುಗಳು ಒಂಬತ್ತೊಂಬತ್ತು ಕಿಲೋ ತೂಗಿದ್ದವು. ಟೀಚರಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹತ್ತು ದಿನಕ್ಕೆ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ ಸೊಸೆಯೊಬ್ಬಳು ಕೂಸನ್ನೆತ್ತಿಕೊಂಡು ಬಂದಳು. ಹಿಂದೆಯೇ ಅವಳ ಅತ್ತೆ.

"ಆಸ್ಪತ್ರೇಲಿ ಸೇರಿಸ್ಕೊಳ್ಲಿಲ್ಲ ಟೀಚರಮ್ಮ. ಸೊರಗಿದ ಮಕ್ಕಳಿಗೆ ಮಾತ್ರ ಹಾಸಿಗೆಯಂತೆ. ನಿಮ್ಮ ಪುಸ್ತಕದಲ್ಲಿ ಒಂಬತ್ತು ಕಿಲೋ ಇದ್ಯಂತೆ. ಚೀಟಿ ಕೊಡೋರು ಮಗು ಮುಖಾನೂ ನೋಡ್ಲಿಲ್ಲ."

ಟೀಚರಮ್ಮ ಕೂಸನ್ನು ತೂಗಿದಳು. ಮುಳ್ಳು ಐದೂವರೆಗೆ ನಿಂತಿತು.

"ಹಾಗಾದ್ರೆ ಅವತ್ತು ತೂಗಿದ್ದು ಯಾರನ್ನ?"

"ನಾನು ಭಟ್ಟೀಲಿದ್ದೆ. ಅತ್ತೆ ಬಂದಿದ್ರು."

ಅತ್ತೆ ಸೆರಗು ತಿರುವುತ್ತ ಅಂದಳು: "ಹಲಗೆ ನೋಡಿ ಊರೆಲ್ಲ ನಗ್ತಿತ್ತು. ಪಕ್ಕದ್ಮನೆ ಗುಂಡಂಗೆ ಟೋಪಿ ಹಾಕಿ ಎತ್ಕೊಂಡು ಬಂದೆ. ನಾನೊಬ್ಳೇನಾ? ಏಳು ಮನೇವ್ರೂ ಅವನನ್ನೇ ತಂದಿದ್ದು! ಹತ್ತಿ ಇಳಿದು ಹತ್ತಿ ಇಳಿದು, ಪಾಪ, ಗುಂಡನೇ ಕಾಲು ಕಿಲೋ ಕರಗಿದ."

ಟೀಚರಮ್ಮ ಹಣೆ ಚಚ್ಚಿಕೊಂಡಳು. "ಎಂಥಾ ದ್ರೋಹ! ನಿಮಗೋಸ್ಕರ ಗಂಟಲು ಹರ್ಕೊಂಡೆನಲ್ರೇ!"

ಸೊಸೆ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ.

"ದ್ರೋಹ ಆಗಿದ್ದು ನಂಗೆ ಟೀಚರಮ್ಮ. ನೀವು ಹೇಳಿದ್ದನ್ನೆಲ್ಲ ಮಾಡ್ದೆ. ನಮ್ಮತ್ತೆ ನಾಚಿಕೆಗೆ ಹೆದರಿ ಮಾಡಿದ್ರು. ನೀವು? ಗುಂಡನ ಎಡಗಾಲಲ್ಲಿ ಅಂಗೈಯಗಲ ಮಚ್ಚೆ ಇದೆ. ಬರಿಗಾಲಲ್ಲೇ ತಾನೇ ತೂಗೋದು?"

ಟೀಚರಮ್ಮ ತೂಕದ ಪುಸ್ತಕದ ಪುಟ ತಿರುವತೊಡಗಿದಳು.

"ಒಂಬತ್ತು ಕಿಲೋ ಅನ್ನೋದು ಸುಳ್ಳು ಅಂತ ಬರ್ದುಕೊಡಿ. ಈಗ್ಲೇ."

ಇಷ್ಟು ಹೊತ್ತು ಯಾರದೋ ಕತೆ ಎಂಬಂತೆ ಹೇಳಿದೆನಲ್ಲ, ಆ ಟೀಚರಮ್ಮ ನಾನೇ. ಗುಂಡಿ ಹಾರಿ ಗಾಜು ಒಡೆದದ್ದು ಸುಳ್ಳು. ನಮ್ಮ ಕೇಂದ್ರಕ್ಕೆ ಕಿಟಕಿಯೇ ಇಲ್ಲ. ಅತ್ತೆಯ ಬಾಯಲ್ಲಿ ಏಳು ಮನೆ ಎಂದು ಹೇಳಿಸಿದ್ದೂ ನಾನೇ; ಹಲಗೆಯಲ್ಲಿದ್ದದ್ದು ಆ ಒಂದು ಮನೆಯ ಹೆಸರು ಮಾತ್ರ. ಗುಂಡ ತಕ್ಕಡಿ ಹತ್ತಿದ್ದು ಎರಡೇ ಸಲ: ಒಮ್ಮೆ ತನ್ನ ಹೆಸರಿನಲ್ಲಿ, ಇನ್ನೊಮ್ಮೆ ಆ ಸೊಸೆಯ ಕೂಸಿನ ಹೆಸರಿನಲ್ಲಿ. ಎರಡನೇ ಸಲ ಮಚ್ಚೆ ಕಂಡಿತ್ತು. ಹೊದಿಕೆ ಎಳೆದು ಆ ಕಾಲು ಮುಚ್ಚಿದವಳೂ ನಾನೇ.