ಮುಗಿದಿದೆ ಎಂದು ಬರೆದವನು

ಕೆಲಸಕ್ಕೆ ಹೊರಡುವ ಮುನ್ನ ಲತೇಶ್ ದಿನವೂ ಒಮಾನಿನ ಅಲ್ ಅಮೇರಾತ್‌ನ ಮಹಮೂದರ ಅಂಗಡಿಗೆ ಬರುತ್ತಿದ್ದ. ಒಂದು ಕಟ್ಟು ಖುಬ್ಬೂಸ್ ರೊಟ್ಟಿ, ಒಂದು ಡಬ್ಬಿ ಮೊಸರು, ಎರಡು ಮಾತು. ಆ ದಿನ ಮಹಮೂದ್ ಚೀಲ ಕೊಡುವ ಬದಲು ಮೊಬೈಲನ್ನು ಮುಂದೆ ಹಿಡಿದರು.

"ಲತೇಶಣ್ಣ, ಇದನ್ನೊಮ್ಮೆ ನೋಡಿ. ಅಂಗಡಿ ಎದುರಿನ ಚರಂಡಿ ಮುಚ್ಚಳ ಒಡೆದಿದೆ ಅಂತ ಪೋರ್ಟಲಿನಲ್ಲಿ ದೂರು ಹಾಕಿದ್ದೆ. ಮುಗಿದಿದೆ ಅಂತ ಬಂದಿದೆ, ಫೋಟೊ ಕೂಡ ಉಂಟು. ಆದ್ರೆ ಮುಚ್ಚಳ ಹಾಗೆಯೇ ಉಂಟಲ್ಲ ಮಾರಾಯ್ರೆ?"

ಫೋಟೊ ನೋಡುತ್ತಲೇ ಲತೇಶನ ಮುಖ ಬಿಸಿಯಾಯಿತು. ಬೇರೊಂದು ಬೀದಿಯ ಹಳೆಯ ಫೋಟೊ ಅದು. ಅದನ್ನು ಪೋರ್ಟಲಿಗೆ ಹಾಕಿದವನು ಅವನೇ.

ಆ ಭಾಗದ ರಸ್ತೆ, ಚರಂಡಿ ದುರಸ್ತಿಯ ಗುತ್ತಿಗೆ ಹಿಡಿದ ಕಂಪನಿಯೊಂದರಲ್ಲಿ ಅವನು ಗುಮಾಸ್ತ; ದೂರುಗಳಿಗೆ ಉತ್ತರ ಬರೆಯುವುದು ಅವನ ಕೆಲಸ. ನಿವಾಸಿಗಳ ದೂರು, ಅದಕ್ಕೆ ಸಿಕ್ಕ ಉತ್ತರ ಎರಡೂ ಎಲ್ಲರಿಗೂ ಕಾಣುವಂತೆ ಸರ್ಕಾರ ಆ ಪೋರ್ಟಲನ್ನು ತೆರೆದಿತ್ತು. ಮೂರು ದಿನದೊಳಗೆ ಕೆಲಸವಾಗದಿದ್ದರೆ ಕಂಪನಿಯ ಹೆಸರಿನೆದುರು ಕೆಂಪು ಗುರುತು ಬೀಳುತ್ತಿತ್ತು.

"ಏನೋ ಸಿಸ್ಟಮ್ ತಪ್ಪಿರಬೇಕು ಮಹಮೂದ್ ಕಾಕ. ಇನ್ನೊಮ್ಮೆ ಹಾಕಿ ನೋಡಿ," ಎಂದ.

"ಹಾಕ್ತೇನೆ. ಇಪ್ಪತ್ತೆರಡು ವರ್ಷ ಆಯ್ತು ಈ ದೇಶಕ್ಕೆ ಬಂದು. ನಮ್ಮಂಥವರ ಮಾತನ್ನೂ ಕೇಳ್ತಾರೆ ಅಂತ ಈಗಲೇ ಅನ್ನಿಸಿದ್ದು."

ಆಫೀಸಿನಲ್ಲಿ ಲತೇಶ್ ಈ ವಿಷಯ ತೆಗೆದಾಗ ಮ್ಯಾನೇಜರ್ ಜೂಲಿಯನ್ ಸಿಟ್ಟಾಗಲಿಲ್ಲ. ದಣಿದವರಂತೆ ಕನ್ನಡಕ ತೆಗೆದರು.

"ಕೆಲಸದವರಲ್ಲಿ ಅರ್ಧ ಜನ ಬಂದರು ಕೆಲಸಕ್ಕೆ ಅಂತ ದುಕ್ಮ್‌ಗೆ ಹೋದ್ರು. ಇಲ್ಲಿ ಉಳಿದದ್ದು ಎಂಟು ಜನ. ಬಾಕಿ ದೂರು ಜಾಸ್ತಿ ತೋರಿಸಿದ್ರೆ ಗುತ್ತಿಗೆ ಹೋಗ್ತದೆ, ಆ ಎಂಟೂ ಜನ ಊರಿಗೆ ಹೋಗ್ಬೇಕು. ನೀನೇ ಹೇಳು, ನಾನು ಎಂತ ಮಾಡ್ಲಿ? ಸದ್ಯ ಕ್ಲೋಸ್ ಮಾಡು. ಮುಂದಿನ ವಾರ ಮಾಡಿಸುವ."

ಲತೇಶನಿಗೂ ಅದು ಸರಿಯೆನಿಸಿತು. ಮಹಮೂದರ ಎರಡನೆಯ ದೂರಿಗೂ 'ಮುಗಿದಿದೆ' ಎಂದು ಬರೆದ.

ಅದಾಗಿ ನಾಲ್ಕನೆಯ ದಿನ ಅಂಗಡಿ ಮುಚ್ಚಿತ್ತು. ಗಂಡನಿಗೆ ತಿಂಡಿ ತರುತ್ತಿದ್ದ ಮಹಮೂದರ ಹೆಂಡತಿ ಖದೀಜಮ್ಮ ಆ ಚರಂಡಿಗೆ ಕಾಲಿಟ್ಟು ಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು.

ಆಸ್ಪತ್ರೆಗೆ ಹೋದ ಲತೇಶನಿಗೆ ಖದೀಜಮ್ಮ ನೋವಿನಲ್ಲೂ ಕುರ್ಚಿ ತೋರಿಸಿದರು. ಮಹಮೂದ್ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. "ತಪ್ಪು ನನ್ನದೇ. ಒಂದು ಹಲಗೆಯಾದ್ರೂ ಅಡ್ಡ ಇಡಬೇಕಿತ್ತು. ಯಾರಾದ್ರೂ ಬರ್ತಾರೆ ಅಂತ ಕಾದು ಕೂತೆ."

ತೋರಿಸಿದ ಕುರ್ಚಿಯಲ್ಲಿ ಕೂರದೆಯೇ ಲತೇಶ್ ಹೊರಟು ಬಂದ.

ಮರುದಿನ ಬೆಳಿಗ್ಗೆ ಅವನು ಪೋರ್ಟಲ್ ತೆರೆದು, ಮುಗಿದಿದೆ ಎಂದು ತಾನು ಸುಳ್ಳು ಬರೆದ ದೂರುಗಳನ್ನು ಹುಡುಕಿದ. ಮಹಮೂದರ ಎರಡೂ ಸೇರಿ ಅರವತ್ತೆರಡು ಇದ್ದವು. ಒಂದೊಂದನ್ನೂ ಮತ್ತೆ ತೆರೆದು ಬರೆದ: 'ಈ ಕೆಲಸ ಆಗಿಲ್ಲ. ಆಗಿದೆ ಎಂದು ಹಳೆಯ ಫೋಟೊ ಹಾಕಿದ್ದು ನಾನು.' ಕೆಳಗೆ ತನ್ನ ಹೆಸರು ಹಾಕಿದ.

ಜೂಲಿಯನ್ ಅದನ್ನು ಓದಿ ಲತೇಶನನ್ನು ಒಳಗೆ ಕರೆದರು. "ನಿನ್ನನ್ನು ಇಟ್ಟುಕೊಳ್ಳಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ ಲತೇಶ್."

"ಗೊತ್ತುಂಟು ಸರ್. ಮೊದಲೇ ಮಾಡಬೇಕಿತ್ತು."

ಬೇರೆಯವರಿಂದ ತಿಳಿಯುವ ಮೊದಲು ತಾನೇ ಹೇಳಬೇಕೆಂದು ಅವನು ನೇರವಾಗಿ ಆಸ್ಪತ್ರೆಗೆ ಹೋದ. ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಮಹಮೂದ್ ಬೈಯಲಿಲ್ಲ. ಕಿಟಕಿಯ ಕಡೆಗೆ ತಿರುಗಿ, "ದಿನಾ ನನ್ನ ಎದುರೇ ನಿಲ್ತಿದ್ರಲ್ಲ ನೀವು," ಎಂದರು.

ಖದೀಜಮ್ಮ ದಿಂಬಿನಿಂದ ತಲೆ ಸ್ವಲ್ಪ ಎತ್ತಿದರು. "ಉಳಿದ ಅರವತ್ತು ಕಡೆ? ಅಲ್ಲಿಯೂ ಜನ ನಡೀತಾರಲ್ಲ?"

ಹೊರಗೆ ಬಂದ ಲತೇಶ್ ಮನೆಗೆ ಹೋಗಲಿಲ್ಲ. ಕಾರಿನಲ್ಲಿ ಕುಳಿತು, ಪೋರ್ಟಲಿನಲ್ಲಿದ್ದ ಅರವತ್ತು ವಿಳಾಸಗಳಲ್ಲಿ ಮೊದಲನೆಯದನ್ನು ಓದಿಕೊಂಡು, ಅಲ್ಲಿ ಒಂದು ಹಲಗೆಯನ್ನಾದರೂ ಅಡ್ಡ ಇಡಲು ಹೊರಟ.