ಬೋಣಿಗೆ ಹೋದ ಫಂಡು

ಬೇಡಕಿಹಾಳದ ಮಲಕವ್ವ ಎಮ್ಮೆ ಹಿಂಡಲು ಕುಕ್ಕರಗಾಲಲ್ಲಿ ಕುಳಿತರೆ ಮತ್ತೆ ಏಳಲು ಎಮ್ಮೆಯ ಕಾಲನ್ನೇ ಹಿಡಿಯಬೇಕಾಗಿತ್ತು. ಮದುವೆಯಾಗಿ ಬಂದಾಗಿನಿಂದ ದಿನಕ್ಕೆರಡು ಹೊತ್ತು ಹಾಗೆ ಕುಳಿತೇ ಎಡ ಮೊಣಕಾಲಿನ ಕೀಲು ಸವೆದಿತ್ತು. ಮೀರಜಿನ ವೈದ್ಯರು ಎಡಗಾಲಿನ ಕೀಲನ್ನು ಈಗಲೇ, ಬಲಗಾಲಿನದನ್ನು ಮುಂದಿನ ವರ್ಷ ಬದಲಿಸಬೇಕೆಂದರು. ಮುಂದಿನ ವಾರದ ಗುರುವಾರ ಶಸ್ತ್ರಚಿಕಿತ್ಸೆ. ಆ ದಿನ ತಪ್ಪಿದರೆ ಮತ್ತೆ ಸರದಿ ಬರುವುದು ಎರಡು ತಿಂಗಳ ಮೇಲೆ.

ಹಣ ಇತ್ತು. ಅದು ಇದ್ದ ಜಾಗ ಮಾತ್ರ ಆಕೆಯ ಗಂಡ ಕಾಮಣ್ಣನಿಗೆ ಸರಿಯಾಗಿ ಅರ್ಥವಾಗಿರಲಿಲ್ಲ. ಮೂರು ವರ್ಷದ ಹಿಂದೆ, ೨೦೧೬ರಲ್ಲಿ, ಎರಡು ಎಮ್ಮೆ ಮತ್ತು ಒಂದು ಜೋಡಿ ಎತ್ತು ಮಾರಿದ್ದ. ಬಂದದ್ದರಲ್ಲಿ ಅರ್ಧವನ್ನು ತಮ್ಮ ದುಂಡೇಶ ಮೊಬೈಲಿನ ಮೂಲಕ ಇಟಿಎಫ್‌ ಎಂಬುದರಲ್ಲಿ ಹಾಕಿಸಿದ್ದ. ಅದರ ಯೂನಿಟ್ಟುಗಳನ್ನು ಶೇರುಗಳ ಹಾಗೆ ಪೇಟೆಯಲ್ಲೇ ಕೊಂಡು ಮಾರಬೇಕು. ಉಳಿದರ್ಧವನ್ನು ಚಿಕ್ಕೋಡಿಯ ಒಬ್ಬ ಏಜಂಟ ಸಾಮಾನ್ಯ ಮ್ಯೂಚುವಲ್ ಫಂಡಿನಲ್ಲಿ ಹಾಕಿಸಿದ್ದ. ಅದು ಪೇಟೆಗೆ ಬರುವುದಿಲ್ಲ, ಫಂಡಿನ ಕಂಪನಿಯೇ ಯೂನಿಟ್ಟು ಕೊಟ್ಟು ಕಂಪನಿಯೇ ಮರಳಿ ಪಡೆಯುತ್ತದೆ. ಕಾಮಣ್ಣನ ಬಾಯಲ್ಲಿ ಮೊದಲನೆಯದು ಪ್ಯಾಟಿ ಫಂಡು, ಎರಡನೆಯದು ಆಫೀಸ್ ಫಂಡು.

ಸೋಮವಾರ ಬೆಳಿಗ್ಗೆ ಪೇಟೆ ತೆರೆಯುವ ಹೊತ್ತಿಗೆ ಅಣ್ಣ ತಮ್ಮ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕುಳಿತರು.

“ಅಣ್ಣಾ, ಸದ್ಯ ಒಬ್ಬಾವನ ಗಿರಾಕಿ ಕಾಣಾಕತ್ತಾನ. ನೂರಾ ನಾಕಕ್ಕ ಕೇಳ್ಯಾನ,” ಎಂದ ದುಂಡೇಶ.

“ಮೊದಲ್ನೇ ಗಿರಾಕಿ ಅಲ್ಲೇನ ಅಂವ? ಕೊಟ್ಟು ಬಿಡು.”

“ತುಸು ತಡಿ. ಶುಕ್ರವಾರದ ರೇಟು ಇದಕ್ಕಿಂತ ಜಾಸ್ತಿ ಇತ್ತು.”

“ಲೇ, ನಿನಗ ವ್ಯಾಪಾರ ತಿಳಿಯಂಗಿಲ್ಲ. ಬೋಣಿ ಗಿರಾಕಿನ್ನ ಹಿಂದ ಕಳಸ್ತಾರೇನ? ದನದ ಪ್ಯಾಟ್ಯಾಗ ನನ್ನ ಕೂದಲಾ ಬೆಳ್ಳಗಾಗ್ಯಾವು. ಬೋಣಿ ಮುರದ್ರ ಇಡೀ ದಿನಾ ಹಾಳ.”

ದನದ ಪೇಟೆಯಲ್ಲಿ ಕಾಮಣ್ಣನ ಪದ್ಧತಿಯೇ ಹಾಗೆ. ದಿನದ ಮೊದಲ ಗಿರಾಕಿಗೆ ಒಂದು ಕರುವನ್ನಾದರೂ ಅವನು ಕೇಳಿದ ಬೆಲೆಗೇ ಕೊಟ್ಟು ಕಳಿಸುತ್ತಿದ್ದ, ಆಮೇಲೆ ಎತ್ತುಗಳಿಗೆ ಗಟ್ಟಿ ನಿಲ್ಲುತ್ತಿದ್ದ. ದುಂಡೇಶ ‘ಬಂದಷ್ಟು ಬೆಲೆಗೆ ಮಾರು’ ಎಂಬುದನ್ನು ಒತ್ತಿದ. ಮೂರರಲ್ಲಿ ಒಂದು ಪಾಲು ಯೂನಿಟ್ಟು ಹೋದವು.

ಹನ್ನೊಂದು ಗಂಟೆಗೆ ಅದೇ ಯೂನಿಟ್ಟು ನೂರಾ ಹನ್ನೊಂದಕ್ಕೆ ಮಾರಾಟವಾಗುತ್ತಿತ್ತು.

“ಮಾಲು ಅದೇ, ದಿನಾ ಅದೇ. ಏಳ ಏಳ ರೂಪಾಯಿ ಯಾರ ತಿಂದ್ರಲೇ?” ಕಾಮಣ್ಣ ಎದ್ದು ನಿಂತ.

“ಯಾರೂ ತಿಂದಿಲ್ಲಣ್ಣ. ನೀ ಕೊಟ್ಟಿ, ಅಂವ ತಗೊಂಡ.”

“ಸುಮ್ನ ಇರ ನೀ, ಶಾಣ್ಯಾ!”

ಸಿಟ್ಟಿನಲ್ಲೇ ಅವನು ಚಿಕ್ಕೋಡಿಯ ಬಸ್ಸು ಹತ್ತಿದ. ಆಫೀಸ್ ಫಂಡನ್ನಾದರೂ ಕಣ್ಣಾರೆ ನೋಡಿ ಮಾರಬೇಕೆಂಬ ಛಲ. ಏಜಂಟ ಅರ್ಜಿ ತೆಗೆದು ಸಹಿ ಹಾಕುವ ಜಾಗ ತೋರಿಸಿದ.

“ರೇಟ್ ಎಷ್ಟ್ರಿ?”

“ಇವತ್ತಿನ ರೇಟು ಸಂಜೀಕ ತಿಳೀತೈತ್ರಿ. ಈಗ ಸಹಿ ಮಾಡ್ರಿ.”

ಕಾಮಣ್ಣ ಪೆನ್ನು ಕೆಳಗಿಟ್ಟ. ಬೆಲೆ ತಿಳಿಯದೆ ದನದ ಹಗ್ಗ ಬಿಟ್ಟುಕೊಟ್ಟ ಮನುಷ್ಯನಲ್ಲ ಅವನು. ಅರ್ಜಿಯನ್ನು ಜೇಬಿಗೆ ತುರುಕಿ ಮನೆಗೆ ಬಂದ.

“ಒಂದ್ರಾಗ ರೇಟ್ ಕುಣದಾಡತೈತಿ, ಇನ್ನೊಂದ್ರಾಗ ರೇಟ ಕಾಣಂಗಿಲ್ಲ. ಎರಡೂ ಕಳ್ಳರ ಸಂತಿ! ಏ ಮಲಕವ್ವ, ಎಲ್ಲಾ ತಿಳಕೊಂಡ ಮ್ಯಾಲ ಮಾರೂನು. ಆಪರೇಶನ್ ದೀಪಾವಳಿ ಆದ ಮ್ಯಾಲ ಮಾಡಸಿದ್ರ ಆತು.”

ಮಲಕವ್ವ ಗೋಡೆ ಹಿಡಿದು ನಿಂತಿದ್ದಳು. “ನಿಮಗ ತಿಳಿಯೂತನಾ ನನ್ನ ಮೊಣಕಾಲು ಕಾಯಂಗಿಲ್ಲ,” ಎಂದಳು. ಆಮೇಲೆ ದುಂಡೇಶನ ಕಡೆ ತಿರುಗಿದಳು. “ಮೈದುನಾ, ನೀಲಮ ಬಾಯಾರ್ನ ಕರಕೊಂಡ ಬಾ. ಅವರು ಎರಡೂ ನಮೂನಿ ಫಂಡ ಇಟ್ಟಾರಂತ ನಮ್ಮ ಸಂಘದಾಗ ಹೇಳಿದ್ರು.”

ನೀಲಮ ಪಕ್ಕದ ಓಣಿಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಊಟದ ಬಿಡುವಿನಲ್ಲಿ ಬಂದರು. ಎಲ್ಲವನ್ನೂ ಕೇಳಿ ಮೊದಲು ಒಂದು ಪ್ರಶ್ನೆ ಹಾಕಿದರು.

“ಕಾಮಣ್ಣಾರ, ಮುಂಜಾನೆ ಡೇರಿಗೆ ಹಾಲು ಹಾಕತೀರಿ. ಅಲ್ಲಿ ಚೌಕಾಶಿ ಮಾಡತೀರೇನು?”

“ಅಲ್ಲೆಂಥ ಚೌಕಾಶಿ? ಫ್ಯಾಟ್ ನೋಡತಾರ, ಅದರ ಮ್ಯಾಲ ರೇಟ್ ಹಚ್ಚತಾರ.”

“ಅಂದ್ರ ಹಾಲು ಕ್ಯಾನಿಗೆ ಸುರುವಿದ ಮ್ಯಾಲ ರೇಟ್ ತಿಳೀತೈತಿ. ಅವರು ಕಳ್ಳರೇನು?”

ಕಾಮಣ್ಣ ಜೇಬಿನಲ್ಲಿದ್ದ ಅರ್ಜಿಯನ್ನು ಮುಟ್ಟಿ ನೋಡಿಕೊಂಡ.

“ಆಫೀಸ್ ಫಂಡು ಡೇರಿ ಇದ್ದಂಗ. ಫಂಡಿನೊಳಗಿನ ಶೇರುಗಳ ಕಿಮ್ಮತ್ತು ದಿನದ ಕೊನಿಗೆ ಲೆಕ್ಕಾ ಹಾಕತಾರ. ಮೂರು ಗಂಟಿ ಒಳಗ ಅರ್ಜಿ ಕೊಟ್ಟವರಿಗೆಲ್ಲಾ ಅದ ರೇಟು. ನೀವು ಗಿರಾಕಿ ಹುಡುಕೂದು ಬ್ಯಾಡ, ಕಂಪನಿನ ತಗೋತೈತಿ. ಪ್ಯಾಟಿ ಫಂಡು ದನದ ಸಂತಿ. ಅಲ್ಲಿ ಕಂಪನಿ ನಿಮ್ಮೆದುರು ನಿಂತಿರಂಗಿಲ್ಲ. ನಿಮ್ಮಂಥಾವನ ಒಬ್ಬ ಕೊಳ್ಳಬೇಕು.”

“ಸಂತಿ ಅಂದ ಮ್ಯಾಲ ಬೋಣಿ ಮಾಡಿದ್ದು ಬರೋಬರಿ ಆತಲ್ಲ!” ಕಾಮಣ್ಣನ ಮುಖ ಅರಳಿತು.

“ಅಲ್ಲೇ ಮೋಸ ಹೋದ್ರಿ. ನಿಮ್ಮ ಬೋಣಿ ಗಿರಾಕಿ ಮುಂದಿನ ಸಂತಿಗೆ ನಿಮ್ಮನ್ನ ಹುಡುಕ್ಕೊಂಡ ಬರ್ತಾನ. ಇಂವಗ ನಿಮ್ಮ ಮಾರಿನೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಪ್ಯಾಟಿ ತೆರದ ಕೂಡ್ಲೆ ಗಿರಾಕಿ ಕಡಿಮಿ ಇರತಾರ, ರೇಟ್ ಹೆಂಗರ ಇರತೈತಿ. ಕಂಪನಿ ಹಗಲೆಲ್ಲಾ ಯೂನಿಟ್ಟಿನ ಅಂದಾಜು ಕಿಮ್ಮತ್ತು ತೋರಸತಿರತೈತಿ. ಅದನ್ನ ನೋಡಿ, ‘ಇಷ್ಟಕ್ಕ ಕಡಿಮಿ ಒಲ್ಲೆ’ ಅಂತ ರೇಟ್ ಬರದು ಇಡಬೇಕು.”

“ಆಫೀಸ್ ಫಂಡಿಗೆ ಶೇರು ಆರಸಾಕ ಮ್ಯಾನೇಜರ ಅದಾನಂತ ಏಜಂಟ ಹೇಳಿದ್ದ,” ಎಂದಳು ಮಲಕವ್ವ. “ಮತ್ತ ಅಂವ ಹೆಚ್ಚು ಗಳಸತಾನಲ್ಲ?”

“ಗಳಸಬಹುದು, ಸೋಲಬಹುದು. ಯಾರೂ ಬರದ ಕೊಡಂಗಿಲ್ಲವ್ವ. ಆದ್ರ ಅವನ ಪಗಾರ, ಏಜಂಟನ ಕಮಿಶನ್ನು ವರ್ಷಾ ವರ್ಷಾ ನಿನ್ನ ರೊಕ್ಕದಾಗ ಕಡದು ಹೋಗತಾವ. ನಿಮ್ಮ ಪ್ಯಾಟಿ ಫಂಡಿನ್ಯಾಗ ಶೇರುಗಳ ಯಾದಿ ಮೊದಲ ಠರಾವಾಗಿರತೈತಿ, ಅದಕ್ಕ ಖರ್ಚು ಕಡಿಮಿ. ಖರೆ, ದಲಾಲಿ ಕೊಡಬೇಕು, ಖಾತೆ ಇಟ್ಟದ್ದಕ್ಕೂ ಕೊಡಬೇಕು. ಪರದೇಶದಾಗ ಮ್ಯಾನೇಜರ ಶೇರು ಆರಸೂ ಇಟಿಎಫೂ ಅದಾವು. ಅಲ್ಲಿ ಆರಸೂ ರೀತಿ ಬ್ಯಾರೆ, ಮಾರೂದು ಮಾತ್ರ ಹಿಂಗ ಪ್ಯಾಟ್ಯಾಗ.”

“ತಲಿ ಗಿಮ್ಮ ಅಂತು,” ಎಂದ ಕಾಮಣ್ಣ. “ಯಾವದು ಚಲೋ? ಒಂದ ಮಾತಿನ್ಯಾಗ ಹೇಳಿ ಬಿಡ್ರಿ ಬಾಯಾರ.”

“ಒಂದ ಮಾತಿನ್ಯಾಗ ಹೇಳಾಂವ ಬಂದ್ರ ಅವಗ ಚಾ ಕುಡಿಸಿ ಕಳಸಿಬಿಡ್ರಿ.”

ದುಂಡೇಶ ನಕ್ಕ. ನೀಲಮ ನಗಲಿಲ್ಲ. “ಇನ್ನೊಂದು ಹೇಳತೀನಿ. ಎರಡರ ಒಳಗೂ ಇರೂದು ಶೇರ. ಪ್ಯಾಟಿ ಬಿದ್ರ ಎರಡೂ ಬೀಳತಾವು. ಇಕಿ ಕಾಲಿಗೆ ಬೇಕಾದ ರೊಕ್ಕಾನ ಒಂದ ವರ್ಷ ಮೊದಲ ತಗದು ಬ್ಯಾಂಕಿನ್ಯಾಗ ಇಡಬೇಕಾಗಿತ್ತು. ಈ ಸಲ ಬಿದ್ದಿಲ್ಲ, ನಿಮ್ಮ ನಸೀಬು. ಇನ್ನ ಎರಡ ತಿಂಗಳ ಅದನ್ನ ಅಲ್ಲೇ ಬಿಡತೀರೇನು?”

ಕಾಮಣ್ಣ ಹೆಂಡತಿಯ ಕಾಲ ಕಡೆ ನೋಡಿದ. ಜೇಬಿನಿಂದ ಅರ್ಜಿ ತೆಗೆದು, ಬೆಲೆ ಎಲ್ಲಾದರೂ ಇದೆಯೇ ಎಂದು ಹಿಂದೆ ಮುಂದೆ ಮತ್ತೊಮ್ಮೆ ತಿರುಗಿಸಿದ. ಇರಲಿಲ್ಲ. ಸಹಿ ಹಾಕಿದ.

ದುಂಡೇಶ ಅದನ್ನು ಬೈಕಿನಲ್ಲಿ ಒಯ್ದು ಮೂರರೊಳಗೆ ಕೊಟ್ಟುಬಂದ. ಉಳಿದ ಇಟಿಎಫ್‌ ಯೂನಿಟ್ಟುಗಳನ್ನು ನೀಲಮ ಹೇಳಿದಂತೆ ಬೆಲೆ ಬರೆದಿಟ್ಟು ಮರುದಿನ ಮಧ್ಯಾಹ್ನ ಮಾರಿದರು. ಅಂದಾಜು ಕಿಮ್ಮತ್ತಿಗಿಂತ ಕೆಲವು ಪೈಸೆಯಷ್ಟೇ ಕಡಿಮೆ ಸಿಕ್ಕಿತು. ಶನಿವಾರದೊಳಗೆ ಎರಡೂ ಕಡೆಯ ಹಣ ಬ್ಯಾಂಕಿಗೆ ಬಂತು. ಬೋಣಿಯಲ್ಲಿ ಹೋದದ್ದು ಮಾತ್ರ ಬರಲಿಲ್ಲ. ಅದನ್ನು ತುಂಬಲು ಕಾಮಣ್ಣ ಒಂದು ಹೋತ ಮಾರಿದ.

ಗುರುವಾರ ಶಸ್ತ್ರಚಿಕಿತ್ಸೆ ಆಯಿತು. ಐದನೆಯ ದಿನ ನರ್ಸ್ ಕೋಲು ಕೊಟ್ಟು ನಡೆಸಿದಾಗ ಮಲಕವ್ವ ಬಾಗಿಲತನಕ ಹೋಗಿ ಬಂದು ಕುರ್ಚಿಯ ಮೇಲೆ ಕುಳಿತಳು. ಯಾವುದನ್ನೂ ಹಿಡಿಯದೆ ಎದ್ದಳು.

“ಇನ್ನ ಮುಂದ ರೊಕ್ಕ ಎಲ್ಲಿ ಇಡೂದ ಬೇ?” ಕಾಮಣ್ಣ ಕೇಳಿದ.

“ಮುಂದಿನ ವರ್ಷ ಬಲಗಾಲಿಗೆ ಬೇಕಾದದ್ದು ಬ್ಯಾಂಕಿಗೆ. ಬಾಳ ವರ್ಷ ಬ್ಯಾಡಾದದ್ದು ಫಂಡಿಗೆ. ಯಾವ ಫಂಡು ಅನ್ನೂದು ಕೇಳಿ ತಿಳಕೊಂಡ ಮ್ಯಾಲ. ಮಾರೂ ಮುಂದ ಬೋಣಿ ಗೀಣಿ ಅಂದ್ರ ಮೊಬೈಲ ಕಸಗೋತೀನಿ.”

“ಆತು ತಾಯಿ,” ಎಂದ ಕಾಮಣ್ಣ.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಎರಡು ಫಂಡುಗಳ ಮುಂದೆ ನಿಂತು ತಲೆ ತಿರುಗಿದರೆ ನಾಚಿಕೆಪಡಬೇಡಿ, ಗೊಂದಲವಾದಾಗ ಕೇಳುವುದೇ ಸರಿ. ಹಣ ಹಾಕುವ ಮೊದಲೇ ಕೇಳಿ: ಇದನ್ನು ನನ್ನಿಂದ ಮರಳಿ ಕೊಳ್ಳುವವರು ಯಾರು, ಪೇಟೆಯ ಗಿರಾಕಿಯೋ, ಕಂಪನಿಯೋ? ಬೆಲೆ ಯಾವಾಗ ತಿಳಿಯುತ್ತದೆ? ವರ್ಷಕ್ಕೆ ಎಷ್ಟು ಖರ್ಚು ಕಡಿಯುತ್ತಾರೆ? ಈ ಹಣ ನನಗೆ ಯಾವಾಗ ಬೇಕು? ಉತ್ತರ ನಿಮ್ಮ ಮಾತಿನಲ್ಲಿ ನಿಮಗೇ ಹೇಳಿಕೊಳ್ಳಲು ಬರುವತನಕ ಸಹಿ ಹಾಕಬೇಡಿ, ಮೊಬೈಲ್ ಒತ್ತಬೇಡಿ. ಆ ಹಣವನ್ನು ನಂಬಿ ನಿಮ್ಮ ಮನೆಯಲ್ಲೂ ಯಾರೋ ಗೋಡೆ ಹಿಡಿದು ನಿಂತಿರಬಹುದು.